ಅಕಸ್ಮಾತ್ ರಾಯರು ಘಟ್ಟ ಹತ್ತಿದ್ದು

ಯಲಹಂಕ ನ್ಯೂ ಟೌನಿನ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಯಾರು ಏನೇ ಹೇಳಹೊರಟರೂ ಮಾತು ಮುಗಿಯುವ ಮುಂಚೆ ಒಂದು ಮೂಲೆಯಿಂದ ‘ಅಕಸ್ಮಾತ್...’ ಎಂಬ ದನಿ ಏಳುತ್ತದೆ. ಮಗಳ ಮದುವೆಗೆ ಛತ್ರ ಹಿಡಿದೆ ಎಂದರೆ, ‘ಅಕಸ್ಮಾತ್ ಕರೆಂಟ್ ಹೋದ್ರೆ ಜನರೇಟರಿನ ಡೀಸೆಲ್ ಯಾರ ಖರ್ಚು, ಕೇಳಿದ್ರಾ?’ ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ತಗೊಂಡೆ ಎಂದರೆ, ‘ಅಕಸ್ಮಾತ್ ಮಧ್ಯದಲ್ಲಿ ನಿಂತ್ರೆ?’ ಮೊಮ್ಮಗ ಹುಟ್ಟಿದ ಎಂದಾಗ ಮಾತ್ರ ಒಂದು ಗಳಿಗೆ ಸುಮ್ಮನಿದ್ದು ಸಂತೋಷಪಡುತ್ತಾರೆ. ಆಮೇಲೆ ‘ಬ್ಲಡ್ ಗ್ರೂಪ್ ಬರೆದಿಟ್ಕೊಂಡ್ರಾ?’ ಎನ್ನುತ್ತಾರೆ. ತಂದೆತಾಯಿ ಇಟ್ಟ ಹೆಸರು ಪೆನ್ಷನ್ ಪುಸ್ತಕದಲ್ಲಿ ಭದ್ರವಾಗಿದೆ. ನಮಗೆಲ್ಲ ಅವರು ಅಕಸ್ಮಾತ್ ರಾಯರು.

ಇಂಥವರು ನಮ್ಮ ಬಡಾವಣೆಗೊಬ್ಬರೇ ಅಲ್ಲ. ಆರ್.ಟಿ. ನಗರದಲ್ಲಿರುವವರು ರಾತ್ರಿ ಗ್ಯಾಸ್ ಆಫ್ ಮಾಡಿ, ಮಲಗಿ, ಎದ್ದು ಬಂದು ಮತ್ತೆ ಆಫ್ ಮಾಡುತ್ತಾರೆ. ಹೆಬ್ಬಾಳದವರು ಮನೆಗೆ ಬೀಗ ಹಾಕಿ, ಬೀಗಕ್ಕೆ ಜೋತುಬಿದ್ದು ನೋಡಿ, ಬಸ್ ಸ್ಟಾಪಿನಿಂದ ವಾಪಸ್ ಬಂದು ಇನ್ನೊಮ್ಮೆ ಜೋತುಬೀಳುತ್ತಾರೆ. ಯಶವಂತಪುರ ಸ್ಟೇಷನ್ನಿನಲ್ಲಿ ರೈಲು ಪ್ಲಾಟ್‌ಫಾರ್ಮಿಗೆ ಬರುವ ಎರಡು ಗಂಟೆ ಮುಂಚೆ ಸೂಟ್‌ಕೇಸಿನ ಮೇಲೆ ಕೂತು, ಹೋಗಿಬರುವ ಪೋರ್ಟರುಗಳನ್ನೆಲ್ಲ ‘ಎಸ್-4 ಇಲ್ಲೇ ನಿಲ್ಲುತ್ತಾ?’ ಎಂದು ಕೇಳುತ್ತಿರುವವರನ್ನು ನೀವೂ ಕಂಡಿರುತ್ತೀರಿ. ಇವರನ್ನು ಪುಕ್ಕಲರೆಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಪುಕ್ಕಲ ಕಣ್ಣು ಮುಚ್ಚಿಕೊಳ್ಳುತ್ತಾನೆ. ರಾಯರು ಕನ್ನಡಕ ಹಾಕಿಕೊಳ್ಳುತ್ತಾರೆ.

ಅದಕ್ಕೆ ಕಾರಣ ಅವರ ಸರ್ವಿಸ್. ರಾಯರು ದುಡಿದದ್ದು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ. 1984ರಲ್ಲಿ ಶುರುವಾದಾಗ ಅದು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಬೋರ್ಡು ಬದಲಾಗಿ ಎಷ್ಟೋ ಕಾಲವಾದರೂ ಹಳಬರ ಬಾಯಲ್ಲಿ ಇನ್ನೂ ವೀಲ್ ಅಂಡ್ ಆಕ್ಸಲ್ಲೇ. ಅಲ್ಲಿ ಎರಕ ಹೊಯ್ದ ಗಾಲಿ ಗೇಟು ದಾಟುವ ಮುಂಚೆ ತಪಾಸಣೆಯವರ ಕೈಗೆ ಬರಬೇಕು. ಅಲ್ಟ್ರಾಸೋನಿಕ್ ತರಂಗ ಹಾಯಿಸಿ ಒಳಗಿನ ದೋಷ ಹುಡುಕುತ್ತಾರೆ, ಗಡಸುತನ ಅಳೆಯುತ್ತಾರೆ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸೀಳಿದ್ದರೆ ಅದನ್ನೂ ಹೊಳೆಯುವಂತೆ ಮಾಡಿ ಹಿಡಿಯುತ್ತಾರೆ. ಫಳಫಳ ಎನ್ನುವ ಗಾಲಿಯ ಮುಂದೆ ನಿಂತು ‘ಇದರೊಳಗೆ ಏನೋ ಇದೆ’ ಎಂದು ಅನುಮಾನಪಡುವುದಕ್ಕೇ ಜೀವಮಾನವಿಡೀ ಸಂಬಳ ಪಡೆದವರು ರಾಯರು. ರಿಟೈರಾದ ಮೇಲೆ ಸಂಬಳ ನಿಂತಿತು, ಅನುಮಾನ ನಿಲ್ಲಲಿಲ್ಲ. ಅಲ್ಲಿಯವರೆಗೆ ಬರೀ ಗಾಲಿಗಳಿದ್ದವು, ಈಗ ತಪಾಸಣೆಗೆ ಇಡೀ ಪ್ರಪಂಚ ಬಿದ್ದಿದೆ.

ಹಾಗಂತ ಕಂಡದ್ದಕ್ಕೆಲ್ಲ ಹೆದರುವವರಲ್ಲ. ಏರೋ ಇಂಡಿಯಾದ ಫೆಬ್ರವರಿಯಲ್ಲಿ ಸುಖೋಯ್ ನಮ್ಮ ತಾರಸಿಯ ನೆತ್ತಿಯ ಮೇಲೇ ಲಾಗ ಹಾಕುವಾಗ ಬೀದಿನಾಯಿಗಳೆಲ್ಲ ಕಾರಿನಡಿ ಸೇರಿರುತ್ತವೆ; ರಾಯರು ಕೊಡೆ ಬಿಚ್ಚಿಕೊಂಡು ಸಂಡಿಗೆ ಕಾಯುತ್ತಿರುತ್ತಾರೆ. ‘ಅದನ್ನು ಚೆಕ್ ಮಾಡಿ ಬಿಟ್ಟಿರ್ತಾರೆ ಕಣ್ರೀ’ ಎಂಬುದು ಅವರ ಧೈರ್ಯ. ಚೆಕ್ ಮಾಡದೆ ಬಿಟ್ಟಿರುವ ಕಾಡು, ಮಳೆ, ಬೆಟ್ಟ, ಹಾವುಗಳ ವಿಷಯದಲ್ಲೇ ಅವರಿಗೆ ತಕರಾರು.

ಹೀಗಿರುವಾಗ ಗಣೇಶನ ಹಬ್ಬ ಮುಗಿದ ಮೇಲೆ ವಾಕಿಂಗ್ ಗುಂಪು ಟೆಂಪೊ ಟ್ರಾವೆಲರ್, ಅಂದರೆ ಟಿಟಿ, ಮಾಡಿಕೊಂಡು ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ ಸುತ್ತಿಬರುವುದೆಂದು ತೀರ್ಮಾನಿಸಿತು. ಉಳಿದವರು ತಿಂಡಿ ಎಲ್ಲಿ ಎಂದು ಕೇಳಿದರು. ರಾಯರು ಮಳೆ ಎಷ್ಟು ಎಂದು ಕೇಳಿದರು. ಯಾರೋ ಫೋನ್ ನೋಡಿ, ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ, ನಮ್ಮ ಬೆಂಗಳೂರಿಗೆ ಹತ್ತಿರ ಹತ್ತಿರ ಸಾವಿರ ಎಂದರು. ರಾಯರು ಬೆಂಚಿನಿಂದ ಎದ್ದೇಬಿಟ್ಟರು. ‘2024ರ ಅಕ್ಟೋಬರಲ್ಲಿ ಏನಾಯ್ತು? ಇದೇ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ದೋಣಿ ಬಿಟ್ರು. ಸಾವಿರಕ್ಕೇ ದೋಣಿ ಅಂದ್ರೆ ಏಳು ಸಾವಿರಕ್ಕೆ ಏನು ಬರ್ಬೇಕು? ಹಡಗಾ?’

ಲೆಕ್ಕದಲ್ಲಿ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಾಗಲಿಲ್ಲ. ಅವರು ಬರುವುದಿಲ್ಲವೆಂದೇ ನಾವು ನಂಬಿದೆವು. ಮಾರನೆಯ ಬೆಳಿಗ್ಗೆ ರಾಯರ ಮನೆಯವರು ಬಂದು ಎರಡು ಸೀಟಿನ ದುಡ್ಡು ಕೊಟ್ಟು ಹೋದರು. ಮದುವೆಯಾದಾಗಿನಿಂದ ಹೊರನಾಡು ಹೊರನಾಡು ಎಂದು ಕೇಳುತ್ತಿದ್ದೇನೆ, ಅದಂತೂ ಆಗಲಿಲ್ಲ, ಶೃಂಗೇರಿಯಾದರೂ ಆಗಲಿ ಎಂದರು. ರಾಯರು ಹಿಂದೆ ನಿಂತು ರಸೀದಿ ಕೇಳಿದರು.

ಹೊರಡುವ ದಿನ ಬೆಳಗಿನ ಜಾವ ಮದರ್ ಡೈರಿ ಸರ್ಕಲ್ಲಿಗೆ ನಾವು ಹೋಗುವಷ್ಟರಲ್ಲಿ ರಾಯರು ಟಾರ್ಚು ಹಿಡಿದು ಟಿಟಿಯ ಅಡಿಯಲ್ಲಿದ್ದರು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಟೈರಿನ ಪಕ್ಕೆಯ ಮೇಲೆ ಅದು ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಅಚ್ಚಾಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಅವತ್ತೇ. ರಾಯರು ಕೆಳಗಿನಿಂದಲೇ ಕೂಗಿದರು: ‘ಇದರಲ್ಲಿ ಇಪ್ಪತ್ಮೂರು ಹತ್ತೊಂಬತ್ತು ಅಂತಿದೆ. 2019ರ ಇಪ್ಪತ್ಮೂರನೇ ವಾರ. ಏನಪ್ಪಾ ಇದು?’

‘ಸಾರ್, ಅದು ಸ್ಟೆಪ್ನಿ’ ಎಂದ ಡ್ರೈವರು.

‘ಕಷ್ಟಕ್ಕೆ ಆಗೋದು ಅದೇ ಅಲ್ವೇನಪ್ಪಾ!’

ಪೂಜೆಯಾಯಿತು. ಕರ್ಪೂರ ಹಚ್ಚಿ, ಕಾಯಿ ಒಡೆದು, ಡ್ರೈವರು ಗಾಲಿಗಳಡಿ ನಿಂಬೆಹಣ್ಣು ಇಟ್ಟ. ದೇವರ ಕೆಲಸ, ಇದರಲ್ಲಿ ರಾಯರು ಬಾಯಿ ಹಾಕಲಾರರು ಎಂದುಕೊಂಡೆವು. ಅವರು ಬಗ್ಗಿ ಎಣಿಸಿ, ‘ಹಿಂದೆ ಜೋಡಿ ಗಾಲಿ. ಒಟ್ಟು ಆರು. ನಿಂಬೆಹಣ್ಣು ನಾಲ್ಕೇ ಇಟ್ಟಿದೀರ’ ಎಂದರು. ಡ್ರೈವರು ನನ್ನ ಮುಖ ನೋಡಿದ. ರಾಯರ ಮನೆಯವರು ಮಾತಾಡದೆ ಬ್ಯಾಗಿನಿಂದ ಎರಡು ನಿಂಬೆಹಣ್ಣು ತೆಗೆದು ಕೊಟ್ಟರು.

ಆ ಬ್ಯಾಗಿನ ವಿಷಯಕ್ಕೆ ಬರೋಣ. ಕಾರ್ಖಾನೆಯ ಕ್ಯಾಂಟೀನಿಗೆ ಟಿಫಿನ್ ಒಯ್ಯುತ್ತಿದ್ದ ಹಳೆಯ ರೆಕ್ಸಿನ್ ಬ್ಯಾಗದು. ಜಿಪ್ಪು ಕೆಟ್ಟು, ಬಾಯಿಗೆ ಎರಡು ದೊಡ್ಡ ಪಿನ್ನು ಹಾಕಿದ್ದರು. ಅದರೊಳಗೆ ವಾಂತಿಗೆ ಅವೊಮಿನ್, ಭೇದಿಗೆ ಓಆರ್‌ಎಸ್, ಇಂಬಳಕ್ಕೆ ಉಪ್ಪು, ಉಪ್ಪು ನೆಂದುಹೋದರೆ ಹೊಗೆಸೊಪ್ಪಿನ ಪುಡಿ, ಅದೂ ನೆಂದರೆ ಸುಣ್ಣದ ಡಬ್ಬಿ. ಐವತ್ತಡಿ ನೈಲಾನ್ ಹಗ್ಗ. ಕಾಡಿನಲ್ಲಿ ದಾರಿ ತಪ್ಪಿದರೆ ಊದಲು ಪೀಪಿ. ದಾರಿಯುದ್ದದ ಆಸ್ಪತ್ರೆಗಳ ಫೋನ್ ನಂಬರನ್ನು ದುಂಡಾಗಿ ಬರೆದು ಲ್ಯಾಮಿನೇಷನ್ ಮಾಡಿಸಿದ ಹಾಳೆ. ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಒಂದು ಎಣ್ಣೆ ಕೂಡ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಆಗುಂಬೆಯಿರುವ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಎಂದು ಓದಿಕೊಂಡಿದ್ದರು. ಅದರ ಕಾಟ ಚಳಿಗಾಲದಿಂದ ಬೇಸಿಗೆಯವರೆಗೆ, ಮಳೆಯಲ್ಲಿ ಉಣುಗು ಕಮ್ಮಿ ಎಂದು ನಾನು ಸಮಾಧಾನ ಹೇಳಿದೆ. ‘ಕಮ್ಮಿ ಅಂದ್ರೆ ಇಲ್ಲ ಅಂತ ಅಲ್ವಲ್ಲ’ ಎಂದರು.

ರಾಯರಿಗೆ ಮುಂದಿನ ಸೀಟೇ ಆಗಬೇಕು. ಗಾಳಿಗಾಗಿ ಅಲ್ಲ. ಅಲ್ಲಿಂದ ಕನ್ನಡಿಯಲ್ಲಿ ಡ್ರೈವರಿನ ಕಣ್ಣು ಕಾಣುತ್ತದೆ. ನೆಲಮಂಗಲ ದಾಟಿ ಕುಣಿಗಲ್ ರಸ್ತೆ ಹಿಡಿದ ಮೇಲೆ ಉಳಿದವರು ತೂಕಡಿಸಿದರೆ ರಾಯರು ಅವನ ರೆಪ್ಪೆ ಕಾಯುತ್ತಾ ಕೂತರು. ಅವನು ಸ್ವಲ್ಪ ನಿಧಾನವಾಗಿ ಕಣ್ಣು ಮಿಟುಕಿಸಿದರೂ ‘ಎಷ್ಟು ಜನ ಮಕ್ಕಳಪ್ಪಾ?’ ಎಂದು ಮಾತು ತೆಗೆಯುವುದು. ಹಾಸನ ಬರುವುದರೊಳಗೆ ಅವನ ಮಕ್ಕಳು, ಹೊಲದ ಬೋರ್‌ವೆಲ್ಲು, ಭಾವಮೈದನ ಜತೆಗಿನ ಜಗಳ ಎಲ್ಲವೂ ರಾಯರಿಗೆ ತಿಳಿದಿದ್ದವು. ಬೇಲೂರಿನ ಹೊತ್ತಿಗೆ ಆ ಜಗಳ ಬಗೆಹರಿಸುವ ದಾರಿಯನ್ನೂ ಹೇಳಿಕೊಟ್ಟಿದ್ದರು.

ನಮ್ಮ ಜತೆ ಆರ್.ಟಿ. ನಗರದ ಒಬ್ಬ ತರುಣನಿದ್ದ. ಗುಂಪಿನ ಅಧ್ಯಕ್ಷರ ಅಳಿಯ. ಹಿಮಾಲಯ ಹತ್ತಿ ಬಂದವನು. ಅದು ಅವನ ಬೂಟು, ಬಾಟಲಿ, ಚಡ್ಡಿಯ ಮೇಲಿನ ಆರು ಜೇಬು ನೋಡಿದರೇ ತಿಳಿಯುತ್ತಿತ್ತು. ರಾಯರ ಬ್ಯಾಗು ನೋಡಿ ನಕ್ಕ. ‘ಅಂಕಲ್, ನೇಚರ್‌ನ ಎಂಜಾಯ್ ಮಾಡ್ಬೇಕು.’ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಸುತ್ತು ಶುರುವಾಗುತ್ತಿದ್ದಂತೆ ಆ ಅಳಿಯ ಮೌನವಾದ, ಆಮೇಲೆ ಹಸಿರಾದ, ಆಮೇಲೆ ರಾಯರು ತಟ್ಟನೆ ಚಾಚಿದ ಪ್ಲಾಸ್ಟಿಕ್ ಕವರಿಗೆ ಯಡಿಯೂರಿನಲ್ಲಿ ತಿಂದ ಇಡ್ಲಿ ವಡೆಯನ್ನು ಒಪ್ಪಿಸಿದ. ರಾಯರು ಆ ಕವರಿಗೆ ಎರಡು ಗಂಟು ಹಾಕಿ, ‘ಅವೊಮಿನ್ ಮುಂಚೆಯೇ ತಗೋಬೇಕಿತ್ತು’ ಎಂದರು. ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ.

ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರ, 1,900 ಮೀಟರಿಗೂ ಮೇಲೆ. ಮೆಟ್ಟಿಲು ಹತ್ತಿ ಗುಡಿ ಸೇರುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನವರ ಬೆನ್ನೇ ಕಾಣದು. ಇಷ್ಟು ದೂರ ಬಂದು ಏನೂ ನೋಡಲಾಗಲಿಲ್ಲವಲ್ಲ ಎಂದು ಎಲ್ಲರ ಮುಖ ಬಾಡಿತ್ತು. ರಾಯರೊಬ್ಬರೇ ಖುಷಿಯಾಗಿದ್ದರು. ‘ಪ್ರಪಾತ ಎಲ್ಲಿದೆ ಅಂತ್ಲೇ ಗೊತ್ತಾಗ್ತಿಲ್ಲ, ಬಹಳ ಚೆನ್ನಾಗಿದೆ’ ಎನ್ನುತ್ತಾ ಮೆಟ್ಟಿಲಿನ ನಟ್ಟನಡುವೆ, ಒಂದು ಕೈಯಲ್ಲಿ ಹೆಂಡತಿಯ ಸೆರಗು ಹಿಡಿದು ಸರಾಗವಾಗಿ ಹತ್ತಿದರು. ಗುಡಿಯ ಮುಂದೆ ಒಮ್ಮೆ ಗಾಳಿ ಬೀಸಿ ಮಂಜು ಸರಿದು ಕೆಳಗಿನ ಕಣಿವೆಯೆಲ್ಲ ತೆರೆದುಕೊಂಡಿತು. ಜನ ಹೋ ಎಂದರು. ರಾಯರು ನೆಲದ ಮೇಲೆ ಕೂತರು. ಮತ್ತೆ ಮಂಜು ಮುಚ್ಚಿದ ಮೇಲೇ ಎದ್ದದ್ದು.

ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ, ತುಂಗೆಯ ಮೀನಿಗೆ ಮಂಡಕ್ಕಿ, ಮಠದ ಊಟ. ಎಲ್ಲವೂ ಸುಸೂತ್ರ. ಬರೆಯುವಂಥದ್ದು ಆದದ್ದು ಅಲ್ಲಿಂದ ಮುಂದೆ, ಆಗುಂಬೆಯ ದಾರಿಯಲ್ಲಿ. ಚಕ್ಕುಲಿ, ಕೋಡುಬಳೆಯ ಡಬ್ಬಿಗಳು ಸೀಟಿನಿಂದ ಸೀಟಿಗೆ ಓಡಾಡುತ್ತಿದ್ದವು. ಒಬ್ಬರು, ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರುವಾಸಿ, ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನೇ ಕಟ್ಟಿದರು ಎಂದರು. ರಾಯರು ಹಿಂದಕ್ಕೆ ತಿರುಗಿ ಕೂತರು. ಈ ವಿಷಯ ಅವರು ತಯಾರಿ ಮಾಡಿಕೊಂಡು ಬಂದದ್ದು.

‘ನಮ್ಮ ದೇಶದಲ್ಲಿ ಹಾವಿನ ವಿಷಕ್ಕೆ ಕೊಡೋ ಇಂಜಕ್ಷನ್ ಯಾವುದಕ್ಕೆ ಗೊತ್ತಾ? ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕೇ. ಕಾಳಿಂಗ ಅದರಲ್ಲಿ ಇಲ್ಲ. ಅದಕ್ಕೆ ಥಾಯ್ಲೆಂಡಲ್ಲಿ ಮಾಡ್ತಾರೆ.’

ಚಕ್ಕುಲಿ ಮುರಿಯುವ ಸದ್ದು ನಿಂತಿತು.

‘ಇಷ್ಟೇ ಆಗಿದ್ರೆ ಪರವಾಗಿಲ್ಲ ಅನ್ನಬಹುದಿತ್ತು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ ಕಂಡುಹಿಡಿದ್ರು. ಕಾಳಿಂಗ ಅನ್ನೋ ನಮ್ಮ ಹೆಸರನ್ನೇ ಇಟ್ರು. ಕನ್ನಡಕ್ಕೆ ಸಂದ ಗೌರವ, ಸಂತೋಷ. ಆದ್ರೆ ಈಗ ಥಾಯ್ಲೆಂಡಿನ ಇಂಜಕ್ಷನ್ ಇದಕ್ಕೆ ಎಷ್ಟು ನಡೆಯುತ್ತೆ ಅಂತ ಯಾರನ್ನ ಕೇಳೋಣ?’

ಕಾಳಿಂಗ ಮನುಷ್ಯರ ಸುದ್ದಿಗೆ ಬರುವುದು ತೀರಾ ಅಪರೂಪ, ಅದರ ಊಟವೇ ಬೇರೆ ಹಾವುಗಳು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಧ್ಯಕ್ಷರ ಹೆಂಡತಿ ಕಾಲು ಮೇಲೆತ್ತಿ ಸೀಟಿನ ಮೇಲೆ ಪದ್ಮಾಸನ ಹಾಕಿದರು. ಚಲಿಸುವ ಟಿಟಿಯಲ್ಲಿ! ಭಯದ ಗುಣವೇ ಹಾಗೆ ಕಾಣುತ್ತದೆ. ಹಂಚಿಕೊಂಡವರಿಗೆ ಹಗುರ. ರಾಯರು ನಿರಾಳವಾಗಿ ಒಂದು ಕೋಡುಬಳೆ ತೆಗೆದುಕೊಂಡರು.

ಆಗುಂಬೆಯಲ್ಲಿ ನಮ್ಮ ಹೋಮ್‌ಸ್ಟೇ ಸೇರುವಾಗ ಮಳೆ ಹುಯ್ಯುತ್ತಿತ್ತು. ರಾಯರು ಕೊಡೆ ಹಿಡಿದು ನೀರು ಎಲ್ಲಿ ನಿಲ್ಲುತ್ತದೆ ಎಂದು ಅಂಗಳ ಸುತ್ತಿ ನೋಡಿದರು. ಎಲ್ಲೂ ನಿಂತಿರಲಿಲ್ಲ. ಅಂಗಳದಿಂದ ಕಣಿಗೆ, ಕಣಿಯಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ ತನ್ನ ಪಾಡಿಗೆ ಹೋಗುತ್ತಿತ್ತು. ಡ್ರೈವರು ಅವರ ಅನುಮಾನ ಬಲ್ಲವನು. ‘ಇಲ್ಲಿ ನೀರು ಹೋಗಕ್ಕೆ ಜಾಗ ಬಿಟ್ಟವ್ರೆ ಸಾರ್’ ಎಂದ. ಯಲಹಂಕದ ರಾಜಕಾಲುವೆಯ ಮೇಲೆ ಸೈಟು ಮಾಡಿದವರಿಗೆ ಕೇಳಿಸಬೇಕಾಗಿದ್ದ ಮಾತು ಕಾಡಿನ ಕಪ್ಪೆಗಳಿಗಷ್ಟೇ ಕೇಳಿಸಿತು.

ಬೆಳಿಗ್ಗೆ ಜೋಗಿಗುಂಡಿ ಜಲಪಾತಕ್ಕೆ ಹೊರಟೆವು. ಕಾಡೊಳಗೆ ಕಾಲಿಟ್ಟ ಮೇಲೆ ಬೂಟಿನ ಮೇಲೆ, ಪ್ಯಾಂಟಿನ ಅಂಚಿನಲ್ಲಿ ದಾರದಂಥ ಇಂಬಳಗಳು ತಲೆಯೆತ್ತಿ ಅತ್ತಿತ್ತ ನೋಡತೊಡಗಿದವು. ಕಚ್ಚಿದ್ದು ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿಯೇ ಅದು ಕುಡಿಯುವುದರಿಂದ, ಉದುರಿಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ. ನೋವಿಲ್ಲದ ಗಾಯವನ್ನು ಕಂಡು ಜನ ಕಿರುಚುವುದೇ ಹೆಚ್ಚು. ಹಿಮಾಲಯದ ಅಳಿಯನ ಚಡ್ಡಿಯ ಕೆಳಗೆ ಬರಿಗಾಲು; ಇಂಬಳಗಳಿಗೆ ಅವನಷ್ಟು ಅನುಕೂಲವಾದವರು ಇನ್ನೊಬ್ಬರಿರಲಿಲ್ಲ. ರಾಯರು ಪೀಪಿ ಊದಿ ಇಡೀ ಗುಂಪನ್ನು ನಿಲ್ಲಿಸಿದರು. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಾಲನ್ನೂ ಕನ್ನಡಕ ಸರಿಮಾಡಿಕೊಂಡು ಪರೀಕ್ಷಿಸಿ, ಉಪ್ಪು ಮುಟ್ಟಿಸಿ, ‘ಪಾಸ್’, ‘ಪಾಸ್’, ‘ನೀವು ಆ ಕಡೆ ನಿಂತ್ಕೊಳಿ’ ಎನ್ನುತ್ತಾ ಮುಂದೆ ಸರಿದರು. ಆ ದನಿಯಲ್ಲಿ ನಡುಕದ ಸುಳಿವೂ ಇರಲಿಲ್ಲ. ಶಿಫ್ಟಿಗೆ ವಾಪಸ್ ಬಂದಿದ್ದರು.

ನಮ್ಮ ಜತೆ ಬಂದಿದ್ದ ಹೋಮ್‌ಸ್ಟೇ ಯಜಮಾನರು ಕವಳ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ‘ಎಂತಕ್ಕೆ ಅಷ್ಟೆಲ್ಲ ಮಾರಾಯ್ರೇ? ಹೊಟ್ಟೆ ತುಂಬಿದ ಮೇಲೆ ಅದೇ ಬಿದ್ದುಹೋಗ್ತದೆ’ ಎಂದರು. ಕುವೆಂಪು ಅವರ ಕಾದಂಬರಿಯ ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ತಿರುಗಿದ ಸೀಮೆಯವರಿಗೆ ಇಂಬಳ ಒಂದು ವಿಷಯವೇ ಅಲ್ಲ.

ವಾಪಸ್ ಬಂದ ಮೇಲೆ ಜಗಲಿಯಲ್ಲಿ ಕೂತು ಎಲ್ಲರೂ ತಮ್ಮ ತಮ್ಮ ಗಾಯ ಎಣಿಸಿಕೊಂಡರು. ರಾಯರ ಮೈಮೇಲೆ ಒಂದೂ ಇರಲಿಲ್ಲ. ಕಾಲುಚೀಲ ಕೊಡವಿದರು, ಪ್ಯಾಂಟು ಮಡಿಸಿದರು, ಬನಿಯನ್ ತೆಗೆದು ಬೆಳಕಿಗೆ ಹಿಡಿದರು. ಇಲ್ಲ. ನಾವು ಅಭಿನಂದಿಸಿದೆವು. ಅವರ ಮುಖ ಮಾತ್ರ ಗಂಭೀರವಾಯಿತು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: ‘ಎಲ್ಲರಿಗೂ ಹತ್ತಿದೆ, ನನ್ನನ್ನೊಬ್ಬನ್ನೇ ಬಿಟ್ಟಿದೆ. ನನ್ನ ರಕ್ತದಲ್ಲೇನಾದ್ರೂ ದೋಷ ಇರ್ಬಹುದಾ?’

ಮಧ್ಯಾಹ್ನ ದೊಡ್ಡಮನೆಗೆ ಹೋದೆವು, ಶಂಕರ್ ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಮನೆ. ಉಳಿದವರು ಸ್ವಾಮಿ ಕೂತ ಜಾಗ ಯಾವುದೆಂದು ಹುಡುಕಿ ಸೆಲ್ಫಿ ತೆಗೆಯುತ್ತಿದ್ದರು. ರಾಯರು ಅಂಗಳದ ಸುತ್ತಿನ ಮರದ ಕಂಬಗಳ ಹತ್ತಿರ ಹೋದರು. ಮೊದಲು ಬುಡದಲ್ಲಿ ಗೆದ್ದಲಿದೆಯೇ ಎಂದು ನೋಡಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಂಬಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು. ಮತ್ತೊಂದು ಗೇಣು ಮೇಲೆ ಕುಟ್ಟಿದರು. ಮುಂದಿನ ಕಂಬ. ಅದರ ಮುಂದಿನದು. ಅಲ್ಟ್ರಾಸೋನಿಕ್ ಯಂತ್ರ ಬರುವ ಕಾಲಕ್ಕೂ ಮುಂಚಿನಿಂದ ರೈಲ್ವೆಯವರು ಗಾಲಿಗೆ ಸುತ್ತಿಗೆ ತಟ್ಟಿ ನಾದದಲ್ಲೇ ಬಿರುಕು ಗುರುತಿಸುತ್ತಿದ್ದರಂತೆ. ಆ ವಿದ್ಯೆ ಇವರ ಗೆಣ್ಣಿನಲ್ಲಿತ್ತು. ನೂರು ಚಿಲ್ಲರೆ ಮಳೆಗಾಲ ಕಂಡ ಮನೆ. ಸುತ್ತು ಮುಗಿಸಿ ಬಂದ ರಾಯರ ಮುಖದಲ್ಲಿ ನಾನು ಎಂದೂ ನೋಡದ ಒಂದು ತೃಪ್ತಿಯಿತ್ತು.

‘ಒಂದು ಕಡೆಯೂ ಟೊಳ್ಳಿಲ್ಲ. ಇದನ್ನು ಕಟ್ಟಿದೋನು ನನಗಿಂತ ಹೆದರೋನಿರ್ಬೇಕು.’

ಕೊನೆಯ ದಿನ ಘಟ್ಟ ಇಳಿದು ವರಂಗದ ಕೆರೆ ಬಸದಿ ನೋಡಿಬರುವ ಏರ್ಪಾಟು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು ಎನ್ನುತ್ತಾರೆ. ರಾಯರು ಪೆನ್ನು ಹಿಡಿದು ಲ್ಯಾಮಿನೇಷನ್ ಹಾಳೆಯ ಹಿಂದೆ ಒಂದೊಂದಕ್ಕೂ ಗೀಟು ಹಾಕುತ್ತಾ ಇಳಿದರು. ಸೋಮೇಶ್ವರ ಬಂದಾಗ ಗೀಟು ಹದಿಮೂರು. ‘ಇನ್ನೊಂದು ಬಾಕಿ ಇದೆ’ ಎಂದು ಸೀಟಿನ ಸರಳು ಬಿಡಲೇ ಇಲ್ಲ. ರಸ್ತೆ ನೆಟ್ಟಗಾಯಿತು, ಗದ್ದೆ ಬಂತು, ಹೆಬ್ರಿ ಬಂತು. ಊರ ನಡುವಿನ ಪೆಟ್ಟಿಗೆ ಅಂಗಡಿಯ ಮುಂದೆಯೂ ರಾಯರು ಆ ಹದಿನಾಲ್ಕನೆಯದನ್ನು ಕಾಯುತ್ತಿದ್ದರು. ವರಂಗದಲ್ಲಿ ಕೆರೆಯ ನಡುವಿನ ಬಸದಿಗೆ ಸಣ್ಣ ದೋಣಿಯಲ್ಲೇ ಹೋಗಬೇಕು. ಈ ತಿರುವಿನ ಚಿಂತೆಯಲ್ಲಿ ಅವರು ದೋಣಿ ಹತ್ತಿದ್ದೂ ಇಳಿದದ್ದೂ ಅವರಿಗೇ ಗೊತ್ತಾಗಲಿಲ್ಲ. ಸಂಜೆ ಘಟ್ಟ ಹತ್ತುವಾಗ ಮತ್ತೆ ಗೀಟು. ಈ ಸಲ ಹದಿನೈದು ಬಂತು. ರಾಯರು ಕೂಡಿಸಿ, ಎರಡರಿಂದ ಭಾಗಿಸಿ, ‘ಹದಿನಾಲ್ಕು. ಸರಿಯಾಗಿದೆ’ ಎಂದು ಪೆನ್ನಿಗೆ ಟೋಪಿ ಹಾಕಿದರು.

ಶಿವಮೊಗ್ಗ, ತುಮಕೂರಿನ ಮೇಲೆ ರಾತ್ರಿಯೆಲ್ಲ ಬಂದೆವು. ಯಶವಂತಪುರದಲ್ಲಿ ಒಂದು ಜೋಡಿಯನ್ನು ಇಳಿಸಬೇಕಿದ್ದರಿಂದ ಟಿಟಿ ಪೀಣ್ಯ ಫ್ಲೈಓವರ್ ಹತ್ತಿತು. ಇದರ ಕೇಬಲ್ಲುಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಸಂಚಾರವನ್ನೇ ನಿಲ್ಲಿಸಿದ್ದರು. ಭಾರಿ ವಾಹನಗಳನ್ನು ಮತ್ತೆ ಬಿಟ್ಟದ್ದು 2024ರಲ್ಲಿ. ಮೂರು ದಿನ ಕಾಡು, ಕಣಿವೆ, ಹಾವು, ಹುಳು ಒಂದನ್ನೂ ನಂಬದ ತಪಾಸಣಾಧಿಕಾರಿ ಈಗ ಏನೆನ್ನುತ್ತಾರೋ ಎಂದು ಮುಂದಕ್ಕೆ ಬಗ್ಗಿ ನೋಡಿದೆ. ಒಂದು ಕಡೆ ಲಾರಿ, ಇನ್ನೊಂದು ಕಡೆ ಕಬ್ಬಿಣದ ಸರಳು ಹೇರಿದ ಟ್ರೇಲರು, ಹಾರನ್ನಿನ ಅಬ್ಬರ. ರಾಯರು ಬ್ಯಾಗನ್ನು ತಲೆಗಿಟ್ಟುಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ‘ಗೊರಗುಂಟೆಪಾಳ್ಯದ ಸದ್ದು ಕೇಳಿದ್ರೆ ಇವರಿಗೆ ಮನೆಗೆ ಬಂದ ಹಾಗೆ’ ಎಂದರು ಅವರ ಮನೆಯವರು.

ಮುಂದಿನ ವಾರ ಪಾರ್ಕಿನ ಬೆಂಚಿನಲ್ಲಿ ಮಾತು ಮತ್ತೆ ಪ್ರವಾಸಕ್ಕೆ ಬಂತು. ಆರ್.ಟಿ. ನಗರದ ಅಳಿಯ ಮಾವನ ಮೂಲಕ ದಾಂಡೇಲಿ ಸೂಚಿಸಿದ್ದನಂತೆ. ಜತೆಗೆ ಆ ರೆಕ್ಸಿನ್ ಬ್ಯಾಗಿನ ಅಂಕಲ್ ಬಂದರೆ ಮಾತ್ರ ತಾನು ಬರುವುದಾಗಿಯೂ. ಎಲ್ಲರೂ ರಾಯರ ಕಡೆ ತಿರುಗಿದರು.

‘ಕಾಳಿ ನದಿಯಲ್ಲಿ ಮೊಸಳೆ ಇದೆ’ ಎಂದರು ರಾಯರು.

ಗುಂಪು ಉಸಿರು ಬಿಟ್ಟಿತು. ಅಧ್ಯಕ್ಷರು ಹಾಗಾದರೆ ಶ್ರವಣಬೆಳಗೊಳ ನೋಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ರಾಯರು ಮುಂದುವರಿಸಿದರು: ‘ನದಿ ಎಷ್ಟು ಅಗಲ ಇದೆ ಅಂತ ವಿಚಾರಿಸಿ. ನನ್ನ ಹಗ್ಗ ಐವತ್ತೇ ಅಡಿ. ಸಾಲದಿದ್ರೆ ಇನ್ನೊಂದು ತರಬೇಕು.’

ಆ ಹೊತ್ತಿಗೆ ಹಾಲು ತರಲು ಹೊರಟಿದ್ದ ರಾಯರ ಮನೆಯವರು ಪಾರ್ಕಿನ ಗೇಟಿನಲ್ಲೇ ನಿಂತು ಕೂಗಿ ಹೇಳಿದರು: ‘ಮುಂದಿನ ಸೀಟು ಎರಡು ನಮಗೆ ಹಿಡೀರಪ್ಪಾ. ಮಧ್ಯದ್ದು ಕೊಡಬೇಡಿ, ಅಲ್ಲಿ ಇವರಿಗೆ ಡ್ರೈವರ್ ಕಣ್ಣು ಕಾಣಲ್ಲ.’